ನಾಲ್ಕನೇ ಮಹಡಿಯ ಕೂಗು

ನಮ್ಮ ಚಿಕ್ಕಪ್ಪನವರ ಒಂದೇ ಒಂದು ಕೂಗಿಗೆ ಅರ್ಧ ಅಪಾರ್ಟ್‌ಮೆಂಟು ಖಾಲಿಯಾಗಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇ ಪೂರ್ತಿ ನಂಬಿಕೆಯಿಲ್ಲ. ಆದರೆ ಕಣ್ಣ ಮುಂದೆ ಈಗಲೂ ಬರುತ್ತದೆ: ಲ್ಯಾಪ್‌ಟಾಪನ್ನು ಎದೆಗವುಚಿಕೊಂಡ ಹುಡುಗರು, ಬೆಕ್ಕನ್ನು ಬುಟ್ಟಿಗೆ ತುಂಬಿಕೊಂಡ ಗಂಡ ಹೆಂಡತಿ, ತಲೆಗೆ ಮೆಹಂದಿ ಮೆತ್ತಿಕೊಂಡಿದ್ದ ಮೂರನೇ ಮಹಡಿಯ ಮೇಡಂ, ಎಲ್ಲರೂ ದಡದಡ ಮೆಟ್ಟಿಲಿಳಿದು ಗೇಟಿನ ಹತ್ತಿರ ನಿಂತು, ಹೊಗೆ ಎಲ್ಲಿಂದ ಬರುತ್ತಿದೆ ಎಂದು ಕತ್ತೆತ್ತಿ ಹುಡುಕುತ್ತಿದ್ದರು. ಹೊಗೆ ಎಲ್ಲಿಂದ ಬರಬೇಕು? ಚಿಕ್ಕಪ್ಪ ಮಾಡಿದ್ದು ಇಷ್ಟೇ. ಮಧ್ಯಾಹ್ನ ಊಟಕ್ಕೆ ಕೂರುವ ಮೊದಲು ಬಾಗಿಲಾಚೆ ನಿಂತು, ಹಸಿದವರು ಇದ್ದರೆ ಉಣ್ಣಲು ಬನ್ನಿ ಎಂದು ಕರೆದಿದ್ದರು!

ಬೆಂಗಳೂರಿನ ಅಂಚಿನಲ್ಲಿ, ಬೊಮ್ಮಸಂದ್ರ ಮುಗಿದು ಚಂದಾಪುರ ಇನ್ನೂ ಶುರುವಾಗದ ಜಾಗದಲ್ಲಿ ನಮ್ಮ ಹಳೆಯ ಮನೆಯಿತ್ತು. ಹೊಲಗಳು ಯಾವಾಗಲೋ ಕಾರ್ಖಾನೆಗಳಾಗಿದ್ದವು. ಉಳಿದಿದ್ದ ಮನೆ, ಕೊಟ್ಟಿಗೆ, ಹಿತ್ತಲು ಎಲ್ಲವನ್ನೂ ಬಿಲ್ಡರ್ ಒಬ್ಬರಿಗೆ ಕೊಟ್ಟೆವು. ಅವರು ಅದರ ಮೇಲೆ ಆರು ಮಹಡಿ ಎಬ್ಬಿಸಿ ನಮ್ಮ ಪಾಲಿಗೆ ಕೆಲವು ಫ್ಲ್ಯಾಟು ಕೊಟ್ಟರು. ಲೋಕದಲ್ಲಿ ಮನೆ ಬದಲಾಯಿಸುವವರು ಪಕ್ಕದ ಬೀದಿಗೋ ಪಕ್ಕದ ಊರಿಗೋ ಹೋಗುತ್ತಾರೆ. ನಮ್ಮ ಚಿಕ್ಕಪ್ಪ ಇದ್ದಲ್ಲಿಂದ ನೆಟ್ಟಗೆ ಮೇಲಕ್ಕೆ ಹೋದರು. ಗಾಬರಿಯಾಗಬೇಡಿ, ನಾಲ್ಕನೇ ಮಹಡಿಗೆ! ಅವರ ಎದುರು ಬಾಗಿಲಿನ ಫ್ಲ್ಯಾಟು ನನ್ನ ಅಪ್ಪನ ಪಾಲಿನದು. ಈಗ ಅಲ್ಲಿ ನಾನು ಮತ್ತು ನನ್ನ ಗಂಡ ಇದ್ದೇವೆ. ಅವರು ಔಷಧಿ ಕಾರ್ಖಾನೆಯ ಪಾಳಿಗೆ ಓಡುತ್ತಾರೆ, ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುತ್ತೇನೆ.

ಚಿಕ್ಕಪ್ಪನವರ ಲೆಕ್ಕದಲ್ಲಿ ಅಪಾರ್ಟ್‌ಮೆಂಟು ಬಂದೇ ಇಲ್ಲ. ಹಿತ್ತಲಿನ ಹುಣಸೆಮರ ಇದ್ದಲ್ಲಿ ಈಗ ಲಿಫ್ಟು ಇದೆ. ಲಿಫ್ಟಿನಲ್ಲಿ ಬಂದ ದಿನ "ಮರ ಅತ್ಕಂಡು ಬಂದೆ" ಅನ್ನುತ್ತಾರೆ. ಲಿಫ್ಟು ಕೆಟ್ಟ ದಿನ "ಕೊಂಬೆ ಮುರ್ದೈತೆ" ಅನ್ನುತ್ತಾರೆ. ರಿಪೇರಿಗೆ ಬಂದವನಿಗೂ ಅವರು ಹಾಗೆಯೇ ಹೇಳಿದಾಗ, ಆ ಮನುಷ್ಯ ಗರಗಸ ತರಲಿಲ್ಲವಲ್ಲ ಎಂದು ತಲೆ ಕೆರೆದುಕೊಂಡದ್ದನ್ನು ನಾನೇ ಕಂಡಿದ್ದೇನೆ. ಅಥವಾ ಚಿಕ್ಕಮ್ಮ ಹೇಳಿದ್ದನ್ನು ಕೇಳಿ ಕೇಳಿ ಕಂಡಂತೆ ಆಗಿದೆಯೋ?

ಈ ಅನುಮಾನ ನನ್ನ ಹಳೆಯ ಕಾಯಿಲೆ. ದಿನಾ ದಿನಚರಿ ಬರೆಯುವವಳು ನಾನು. ಬರೆದದ್ದಕ್ಕೂ ನೆನಪಿಗೂ ತಾಳೆ ಬೀಳದಿದ್ದರೆ ಯಾವುದನ್ನು ನಂಬಬೇಕೋ ತಿಳಿಯದೆ ಒದ್ದಾಡುತ್ತೇನೆ. ಊಟಕ್ಕೆ ಕರೆಯುವ ಈ ಪದ್ಧತಿಯನ್ನೇ ತೆಗೆದುಕೊಳ್ಳಿ. ನನ್ನ ನೆನಪಿನಲ್ಲಿ ನಮ್ಮ ತಾತ ಹೆಗಲ ಮೇಲೆ ಟವೆಲು ಹಾಕಿಕೊಂಡು ಜಗಲಿಯ ಅಂಚಿಗೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು, ಬೀದಿಯ ಆ ಕೊನೆ ಈ ಕೊನೆಗೆ ಕೇಳುವಂತೆ ಕೂಗುತ್ತಿದ್ದರು. ಆಮೇಲೇ ಒಳಗೆ ಮುದ್ದೆ ಮುರಿಯುತ್ತಿದ್ದದ್ದು. ಎಷ್ಟು ಭವ್ಯವಾದ ಚಿತ್ರ! ತರಗತಿಯಲ್ಲಿ ಇದನ್ನು ಹೇಳಿ ಮಕ್ಕಳ ಕಣ್ಣು ತೇವ ಮಾಡಿಸಿದ್ದೇನೆ. ಒಮ್ಮೆ ಚಿಕ್ಕಮ್ಮನ ಮುಂದೆಯೂ ಹೇಳಿದೆ. ಚಿಕ್ಕಮ್ಮ ಸೊಪ್ಪು ಬಿಡಿಸುತ್ತಾ ತಲೆಯೆತ್ತದೆ ಹೇಳಿದರು:

"ನಿಮ್ ತಾತ ಕೂಗ್ತಿದ್ದಿದ್ದು ಉಣ್ಣಾಕಲ್ಲ ಕಣಮ್ಮ. ಎಮ್ಮೆ ಕಟ್ಟೋ ಆಳು ಯಾವಾಗ್ಲೂ ಎಲ್ಲೋ ಮಲಗಿರೋನು. ಅವನ್ನ ಎಬ್ಬಿಸ್ತಿದ್ರು."

ಚಿಕ್ಕಪ್ಪ ಇದನ್ನು ಒಪ್ಪುವುದಿಲ್ಲ. ತಮ್ಮ ಅಪ್ಪ ಊಟಕ್ಕೇ ಕರೆಯುತ್ತಿದ್ದರು, ಆ ಆಳೂ ಊಟಕ್ಕೇ ಬರುತ್ತಿದ್ದ, ಎಮ್ಮೆ ಕಟ್ಟಿದ್ದನ್ನು ಯಾರೂ ನೋಡಿಲ್ಲ ಅನ್ನುವುದು ಅವರ ವಾದ. ಮನೆ ಎಂದರೆ ಏನೆಂದು ಪುಸ್ತಕ ಓದಿ ಹೇಳುವವಳು ನಾನು. ಅವರ ಪ್ರಕಾರ ಅದು ಬಹಳ ಸುಲಭ: ಎಲ್ಲಿ ನಿಂತು ಉಣ್ಣಲು ಬನ್ನಿ ಎಂದು ಕರೆಯಬಹುದೋ ಅದು ನಮ್ಮ ಮನೆ. ಆದ್ದರಿಂದ ಫ್ಲ್ಯಾಟಿಗೆ ಬಂದ ಮಾರನೆಯ ದಿನವೇ ಒಂದೂವರೆಗೆ ಸರಿಯಾಗಿ ಕಾರಿಡಾರಿಗೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿಯೇಬಿಟ್ಟರು:

"ಉಣ್ಣೋರು ಯಾರಾನಾ ಇದ್ರೆ ಬರ್ರಪ್ಪೋ..."

ಜಗಲಿಯಲ್ಲಿ ಕೂಗಿದರೆ ಸದ್ದು ಬೀದಿಗೆ ಹೋಗಿ ಕರಗುತ್ತದೆ. ಆದರೆ ಅಪಾರ್ಟ್‌ಮೆಂಟಿನ ನಡುವೆ ಗಾಳಿ ಬೆಳಕಿಗೆಂದು ಒಂದು ಬಾವಿಯಂಥ ಜಾಗ ಬಿಟ್ಟಿರುತ್ತಾರಲ್ಲ, ಕೂಗು ಅದರೊಳಗೆ ಬಿದ್ದು ಆರು ಮಹಡಿಗೂ ತಾಗಿ ದುಪ್ಪಟ್ಟಾಗಿ ವಾಪಸು ಬಂತು. ಹೊರರಾಜ್ಯದಿಂದ ಬಂದಿದ್ದ ಸೆಕ್ಯೂರಿಟಿಯವನಿಗೆ ಕನ್ನಡ ಬಾರದು. ಹಿರಿಯರೊಬ್ಬರು ಬಾಯಿಗೆ ಕೈಯಿಟ್ಟು ಕಿರುಚುತ್ತಿದ್ದಾರೆ ಎಂದರೆ ಬೆಂಕಿ ಅಲ್ಲದೆ ಇನ್ನೇನು? ಅಲಾರಂ ಒತ್ತಿದ. ಮುಂದಿನದು ಗೊತ್ತೇ ಇದೆ.

ಚಿಕ್ಕಪ್ಪ ಕೆಳಗಿಳಿದು ಆ ಗುಂಪನ್ನು ಕಂಡರು. ಅವರ ಮುಖ ಅರಳಿದ್ದನ್ನು ಏನು ಹೇಳಲಿ! ತಾತನ ಕಾಲದಲ್ಲಿ ದಿನಕ್ಕೆ ಒಬ್ಬ ಬಂದರೆ ಹೆಚ್ಚು, ಈಗ ನೋಡು, ಊರು ಎಷ್ಟು ಮುಂದುವರಿದಿದೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ಮೇಲೆ ಚಿಕ್ಕಮ್ಮ ಕಿಟಕಿಯಿಂದ ಇಣುಕಿ ಒಮ್ಮೆ ಜನವನ್ನೂ ಒಮ್ಮೆ ಒಲೆಯ ಮೇಲಿನ ಪಾತ್ರೆಯನ್ನೂ ನೋಡಿ ಕಿಟಕಿ ಮುಚ್ಚಿಕೊಂಡರಂತೆ.

ಆಮೇಲೆ ಜನ ನಿಜವಾಗಿಯೂ ಬರತೊಡಗಿದರು. ನೀರಿನ ಫಿಲ್ಟರ್ ಬದಲಾಯಿಸಲು ಬಂದವರು ಉಂಡರು. ಪಾಲಿಸಿ ಮಾರಲು ಬಂದ ಟೈ ಕಟ್ಟಿದ ಮಹಾಶಯರೊಬ್ಬರು ಬ್ಯಾಗಿನ ಜಿಪ್ಪು ಎಳೆಯುವಷ್ಟರಲ್ಲಿ ತಟ್ಟೆ ಮುಂದೆ ಬಂತು. ಉಂಡು, ಮಜ್ಜಿಗೆ ಕುಡಿದು, ಸೋಫಾದಲ್ಲಿ ಸಣ್ಣದೊಂದು ನಿದ್ದೆ ತೆಗೆದು, ಪಾಲಿಸಿಯ ಮಾತೇ ಎತ್ತದೆ ನಮಸ್ಕಾರ ಹೇಳಿ ಹೋದರು. ಎರಡನೇ ಮಹಡಿಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಉತ್ತರದ ಕಡೆಯ ಎಂಜಿನಿಯರ್ ಒಬ್ಬರು ಕುತೂಹಲಕ್ಕೆ ಬಂದು ಕೂತರು. ಅವರು ರಾಗಿಮುದ್ದೆಯನ್ನು ಬಾಯಿಗಿಟ್ಟು ಅಗಿಯತೊಡಗಿದಾಗ ಚಿಕ್ಕಪ್ಪನಿಗೆ ಆದ ಸಂಕಟ ನೋಡಬೇಕಿತ್ತು! ಅಗಿದಷ್ಟೂ ಅದು ಹಲ್ಲಿಗೆ ಅಂಟುತ್ತಿತ್ತು, ಅಂಟಿದಷ್ಟೂ ಅವರು ಅಗಿಯುತ್ತಿದ್ದರು. ಭಾಷೆ ಬೇರೆ ಬಾರದು. ಚಿಕ್ಕಪ್ಪ ಎದುರಿಗೆ ಕುಕ್ಕರಗಾಲಲ್ಲಿ ಕೂತು, ತುತ್ತನ್ನು ಸಾರಿನಲ್ಲಿ ಉರುಳಿಸಿ, ಬಾಯಿಗೆ ಹಾಕಿ, ಗಂಟಲನ್ನು ಬೆರಳಲ್ಲಿ ತೋರಿಸಿ, ಹಾವು ಕಪ್ಪೆ ನುಂಗುವಂತೆ ನುಂಗಿ ತೋರಿಸಿದರು. ಎಂಜಿನಿಯರು ಕಣ್ಣು ಮುಚ್ಚಿ ಧೈರ್ಯ ಮಾಡಿದರು. ಇಳಿಯಿತು! ಆ ದಿನದಿಂದ ಸೊಪ್ಪಿನ ಸಾರಿನ ವಾಸನೆ ಬಂದರೆ ಕೂಗುವುದಕ್ಕೂ ಕಾಯದೆ ಬಂದುಬಿಡುತ್ತಿದ್ದರು.

ಮನೆಯೊಳಗೆ ಇಷ್ಟಾದರೆ ಹೊರಗೆ ಹೇಗೆ? ಒಮ್ಮೆ ಎಲೆಕ್ಟ್ರಾನಿಕ್ ಸಿಟಿಯ ಕಡೆ ಒಂದು ಮಾಲಿಗೆ ಕರೆದುಕೊಂಡು ಹೋಗಿದ್ದೆ. ಮಸಾಲೆ ದೋಸೆ ತಂದಿಟ್ಟು, ದಯವಿಟ್ಟು ಇಲ್ಲಿ ಬೇಡ ಚಿಕ್ಕಪ್ಪ ಎಂದು ಕೈ ಮುಗಿದೆ. ಇದು ನಮ್ಮ ಮನೆಯಲ್ಲ, ಇಲ್ಲಿ ಯಾಕೆ ಕೂಗಲಿ ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. ಕೂಗಲಿಲ್ಲ, ನಿಜ. ಎದ್ದು ನಿಂತು ಇಡೀ ಫುಡ್ ಕೋರ್ಟಿನ ಮೇಲೆ ನಿಧಾನವಾಗಿ ಕಣ್ಣಾಡಿಸಿದರು. ತಟ್ಟೆ ಹಿಡಿದು ಜಾಗ ಹುಡುಕುತ್ತಿದ್ದ ಒಬ್ಬ ಯುವಕ, ಕೊರಳಲ್ಲಿ ಐಡಿ ಕಾರ್ಡು, ಹತ್ತಿರ ಬಂದು, ಖಾಲಿ ಇದೆಯಾ ಅಂಕಲ್ ಎಂದು ಕುರ್ಚಿ ಮುಟ್ಟಿದ. ಅವನು ಕೂರುವಷ್ಟರಲ್ಲಿ ಅರ್ಧ ದೋಸೆ ಅವನ ಫ್ರೈಡ್ ರೈಸಿನ ಮೇಲೆ ಬಂದು ಮಲಗಿತ್ತು. ಅವನು ನನ್ನ ಮುಖ ನೋಡಿದ. ನಾನು ಚಾವಣಿಯ ಫ್ಯಾನು ನೋಡಿದೆ. ಕೊನೆಗೆ ಅವನೂ ಅರ್ಧ ರೈಸನ್ನು ಇವರ ತಟ್ಟೆಗೆ ಸುರಿದ.

ಎಲ್ಲ ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಐದನೇ ಮಹಡಿಯ ಒಬ್ಬರು ಹೊರದೇಶದ ಗಿರಾಕಿಯೊಂದಿಗೆ ಬಹಳ ಮುಖ್ಯವಾದ ಮಾತುಕತೆಯಲ್ಲಿದ್ದಾಗ ಚಿಕ್ಕಪ್ಪನ ಕೂಗು ಕಂಪ್ಯೂಟರಿನೊಳಗೆ ನುಗ್ಗಿ ಸಮುದ್ರ ದಾಟಿತು. ಆ ಗಿರಾಕಿ ಅದೇನೆಂದು ಅರ್ಥ ಕೇಳಿದರಂತೆ. ಹೇಳಿದ ಮೇಲೆ, ಇವತ್ತು ಏನು ಅಡುಗೆ ಎಂದೂ ಕೇಳಿದರಂತೆ. ಅಲ್ಲಿಗೆ ಮಾತುಕತೆಯ ಗಾಂಭೀರ್ಯ ಹೋಯಿತು ಎಂದು ಐದನೇ ಮಹಡಿಯವರು ಸಂಘಕ್ಕೆ ದೂರು ಕೊಟ್ಟರು.

ಸಭೆ ಕ್ಲಬ್ ಹೌಸಿನಲ್ಲಿ, ಅಂದರೆ ನಮ್ಮ ಕೊಟ್ಟಿಗೆಯಲ್ಲಿ, ನಡೆಯಿತು. ಸಂಘದ ಕಾರ್ಯದರ್ಶಿ ಮರ್ಯಾದಸ್ಥರು. "ಸಾರ್, ನಿಮ್ ಸೆಂಟಿಮೆಂಟ್ ನಮಗೆ ಅರ್ಥ ಆಗುತ್ತೆ. ಬಟ್ ಆ ಟೈಮಲ್ಲಿ ಎಲ್ರೂ ಕಾಲ್‌ನಲ್ಲಿರ್ತಾರೆ. ಗ್ರೂಪಲ್ಲಿ ಒಂದು ಮೆಸೇಜ್ ಹಾಕ್ಬಿಡಿ, ಊಟ ರೆಡಿ ಅಂತ. ಬೇಕಾದೋರು ಬರ್ತಾರೆ," ಎಂದರು.

ಚಿಕ್ಕಪ್ಪ ಸ್ವಲ್ಪ ಯೋಚಿಸಿ ಕೇಳಿದರು: "ಅಸ್ದೋನ್ ಮೊಬೈಲ್ನಾಗೆ ಚಾರ್ಜ್ ಇರ್ತದಾ ಸಾರ್?"

ಎಲ್ಲರೂ ನಕ್ಕರು. ನಕ್ಕು, ಇನ್ನು ಮುಂದೆ ಕೂಗಬಾರದು ಎಂದು ತೀರ್ಮಾನಿಸಿದರು. ಚಿಕ್ಕಪ್ಪ ವಾದಿಸಲಿಲ್ಲ. ಹತ್ತು ಜನ ಸೇರಿ ಹೇಳಿದ ಮೇಲೆ ಮುಗಿಯಿತು, ನಾಳೆಯಿಂದ ಬಾಗಿಲಾಚೆ ಬಾಯಿ ತೆಗೆಯುವುದಿಲ್ಲ ಎಂದು ಮಾತು ಕೊಟ್ಟು, ಎಲ್ಲರಿಗೂ ಕೈ ಮುಗಿದು ಮರ ಹತ್ತಿ ಮನೆಗೆ ಬಂದರು. ಅಂತೂ ಇಂತೂ ನಮ್ಮ ಮಾನ ಉಳಿಯಿತು ಎಂದು ನಾನೂ ನಿಟ್ಟುಸಿರು ಬಿಟ್ಟೆ.

ಮಾರನೆಯ ದಿನ ಒಂದೂವರೆಗೆ ಅವರು ಬಾಗಿಲ ತನಕ ಬಂದರು. ನಿಂತರು. ಒಳಗೆ ಹೋದರು. ಹಸಿವಿಲ್ಲ ಎಂದು ತಟ್ಟೆ ಸರಿಸಿದರಂತೆ. ಅದರ ಮಾರನೆಯ ದಿನವೂ ಹಸಿವಿಲ್ಲ. ಇನ್ನೊಂದು ದಿನ ಹೊಟ್ಟೆ ಭಾರ. ತಮಾಷೆಯೆಂದೇ ನಾನೂ ಚಿಕ್ಕಮ್ಮನೂ ಅಂದುಕೊಂಡಿದ್ದೆವು. ಆದರೆ ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಮಾತ್ರೆ ತಪ್ಪದೆ ನುಂಗುತ್ತಿದ್ದರು, ಅನ್ನ ಮಾತ್ರ ಸಂಜೆಯವರೆಗೆ ಮುಟ್ಟುತ್ತಿರಲಿಲ್ಲ. ಒಂದು ಮಧ್ಯಾಹ್ನ ಚಿಕ್ಕಮ್ಮ ನನ್ನ ಬಾಗಿಲು ಬಡಿದರು. ಹೋಗಿ ನೋಡಿದರೆ ಚಿಕ್ಕಪ್ಪ ಬೆವರಿನಿಂದ ಅಂಗಿಯೆಲ್ಲ ತೊಯ್ದು, ಸೋಫಾದಿಂದ ಜಾರುತ್ತಿದ್ದರು. ಬಾಯಿಗೆ ಸಕ್ಕರೆ ಹಾಕಿ, ಬೆನ್ನು ಸವರಿ ಕೂರಿಸಿದೆವು. ಡಾಕ್ಟರು ಬೈದರು. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಮುಂದಿನ ಸಲ ಸಕ್ಕರೆಗೆ ಸರಿಹೋಗುವುದಿಲ್ಲ ಎಂದರು.

ನಾನು ಕೂತು ಬುದ್ಧಿ ಹೇಳಿದೆ. ಮೆಲ್ಲಗೆ ಕರೆಯಿರಿ ಅಂದೆ. ಮೆಲ್ಲಗೆ ಕರೆದರೆ ಬರಬೇಡ ಅಂದಂತೆ ಎಂದರು. ಹಾಗಾದರೆ ಮನಸ್ಸಿನಲ್ಲೇ ಕರೆಯಿರಿ ಅಂದೆ.

"ಮನಸ್ನಾಗೆ ಕರದ್ರೆ ಮನಸ್ನಾಗೇ ಉಣ್ಣಬೇಕಾಯ್ತದೆ ಮಗ," ಎಂದು ನಕ್ಕರು. ಆಮೇಲೆ ನಗದೆ ಹೇಳಿದರು: "ಕೇಳ್ದೆ ಉಂಡ್ರೆ ಕದ್ದು ತಿಂದಂಗಾಯ್ತದೆ. ತುತ್ತು ಗಂಟ್ಲಾಗೆ ನಿಂತ್ಕಳ್ತದೆ. ನಾನೇನ್ ಅಟ ಮಾಡ್ತಿಲ್ಲ ಕಣವ್ವ, ಇಳಿಯಾಕಿಲ್ಲ."

ತಾತ ಕೂಗಿದ್ದು ಆಳಿಗೋ ಹಸಿದವರಿಗೋ ಎಂದು ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದೆ. ಅದು ಯಾರಿಗಾದರೂ ಇರಲಿ, ಇವರ ಗಂಟಲಿಗೆ ಅದು ನಿಜವಾಗಿಬಿಟ್ಟಿತ್ತು.

ಮರುದಿನ ನನಗೆ ರಜೆ. ನನ್ನ ಗಂಡ ಮೊದಲ ಪಾಳಿಗೆ ಹೋಗಿದ್ದರು. ಚಿತ್ರಾನ್ನ ಮಾಡಿಕೊಂಡು, ಒಬ್ಬಳೇ ಹೊಟ್ಟೆ ತುಂಬ ತಿಂದು, ಸಿಂಕಿನಲ್ಲಿ ಕೈ ತೊಳೆಯುತ್ತಿದ್ದೆ. ಆಗ ಕಾರಿಡಾರಿನಿಂದ ಕೂಗು ಕೇಳಿತು. ಮಾತು ಕೊಟ್ಟು ಮುರಿಯುವವರಲ್ಲ ಚಿಕ್ಕಪ್ಪ. ಇದು ಅವರ ದನಿಯಾಗಿರಲಿಲ್ಲ. ಒಡೆದ ದನಿ, ನಡುವೆ ಕಟ್ಟಿಕೊಂಡು ಮತ್ತೆ ಏರಿದ ದನಿ. ಅಡುಗೆಮನೆಯಾಚೆ ಎಂದೂ ಗಟ್ಟಿಯಾಗಿ ಮಾತಾಡದ ದನಿ.

"ಉಣ್ಣೋರು ಯಾರಾನಾ ಇದ್ರೆ ಬರ್ರಪ್ಪೋ..."

ಬಾಗಿಲು ತೆಗೆದೆ. ಕಾರಿಡಾರಿನ ನಡುವೆ ಚಿಕ್ಕಮ್ಮ ಸೌಟು ಹಿಡಿದು ನಿಂತಿದ್ದರು. ಅವರು ಸಂಘಕ್ಕೆ ಯಾವ ಮಾತೂ ಕೊಟ್ಟಿರಲಿಲ್ಲ. ಕತ್ತು ಬಗ್ಗಿಸಿ ಆ ಬಾವಿಯಂಥ ಖಾಲಿ ಜಾಗವನ್ನು ನೋಡುತ್ತಿದ್ದರು. ಕೆಲಸದ ದಿನ. ಎಂಜಿನಿಯರು ಊರಿಗೆ ಹೋಗಿದ್ದರು. ಯಾವ ಮಹಡಿಯಲ್ಲೂ ಒಂದು ಚಿಲಕವೂ ಸದ್ದು ಮಾಡಲಿಲ್ಲ. ಅವರ ಬೆನ್ನ ಹಿಂದೆ, ತೆರೆದ ಬಾಗಿಲೊಳಗೆ, ಚಿಕ್ಕಪ್ಪ ತಟ್ಟೆಯ ಮುಂದೆ ಕೂತು ಕಿವಿಗೊಟ್ಟು ಕಾಯುತ್ತಿದ್ದರು.

"ನಂಗೆ ಹಸಿವಾಗ್ತಿದೆ ಚಿಕ್ಕಮ್ಮ," ಅಂದೆ.

ಚಿಕ್ಕಮ್ಮ ನನ್ನ ಒದ್ದೆ ಕೈ ನೋಡಿದರು. ಸೆರಗಿನಿಂದ ಅದನ್ನು ಒರೆಸಿ, ಹಿಡಿದುಕೊಂಡೇ ಒಳಗೆ ಕರೆದೊಯ್ದರು. ಚಿಕ್ಕಪ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದರು. ಸಂಕೋಚ ಬೇಡ ಎಂದು, ಮೊದಲ ಸಲ ಬಂದ ಅಪರಿಚಿತರಿಗೆ ಹೇಳುವ ಹಾಗೆ ಹೇಳಿ, ದೊಡ್ಡ ಮುದ್ದೆಯನ್ನು ನನ್ನ ತಟ್ಟೆಗೆ ಇಟ್ಟರು. ನಾನು ಒಂದು ತುತ್ತು ಮುರಿದು ಸಾರಿನಲ್ಲಿ ಉರುಳಿಸಿ ಬಾಯಿಗಿಟ್ಟುಕೊಂಡೆ. ಅದು ಇಳಿಯುವವರೆಗೂ ಅವರು ನನ್ನನ್ನೇ ನೋಡುತ್ತಿದ್ದರು.

ಆಮೇಲೆ ತಲೆ ತಗ್ಗಿಸಿ, ತಮ್ಮ ತಟ್ಟೆಗೆ ಕೈ ಹಾಕಿದರು.