ಸುರಕ್ಷಿತವಾಗಿ ಮರ ಹತ್ತುವ ವಿಧಾನ

ನಮ್ಮ ಬೀದಿಯ ಜನಕ್ಕೆ ಕ್ರಿಸ್ಮಸ್ ಮರ ಸಿಂಗರಿಸಲು ಬರುವುದಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ವೃತ್ತಿಧರ್ಮದಿಂದ ಹೇಳುತ್ತಿದ್ದೇನೆ. ತಗಡಿನ ಡಬ್ಬ ತಯಾರಿಸುವ ಕಾರ್ಖಾನೆಯಲ್ಲಿ ನಾನು ಸುರಕ್ಷತಾ ಅಧಿಕಾರಿ. ಇನ್ನೊಬ್ಬರು ಬೀಳದಂತೆ, ಸುಟ್ಟುಕೊಳ್ಳದಂತೆ, ಬೆರಳು ಕತ್ತರಿಸಿಕೊಳ್ಳದಂತೆ ಇಪ್ಪತ್ತೆರಡು ವರ್ಷ ಕಾವಲು ಕಾದಿದ್ದೇನೆ. (ನನ್ನ ಅವಧಿಯಲ್ಲಿ ಹೋದದ್ದು ಒಂದೂವರೆ ಬೆರಳು ಮಾತ್ರ. ಆ ಅರ್ಧವೂ ಊಟದ ವಿರಾಮದಲ್ಲಿ ಹೋದದ್ದರಿಂದ ನನ್ನ ಲೆಕ್ಕಕ್ಕೆ ಬರುವುದಿಲ್ಲ.) ಇಂಥ ಕಣ್ಣು ಹೊತ್ತುಕೊಂಡು ಡಿಸೆಂಬರಿನಲ್ಲಿ ನಮ್ಮ ಬೀದಿಯಲ್ಲಿ ನಡೆಯುವುದೇ ಒಂದು ಶಿಕ್ಷೆ.

ಎಡಮನೆಯ ದರ್ಜಿ ಕುರ್ಚಿಯ ಮೇಲೆ ಸ್ಟೂಲಿಟ್ಟು, ಸ್ಟೂಲಿನ ಮೇಲೆ ಹೆಂಡತಿಯನ್ನು ನಿಲ್ಲಿಸಿ, ತಾನು ಕೆಳಗೆ ನಿಂತು ‘ಸ್ವಲ್ಪ ಬಲಕ್ಕೆ’ ಅನ್ನುತ್ತಾನೆ. ಎದುರುಮನೆಯ ಬಸ್ ಡ್ರೈವರು ಐದು ದೀಪದ ಸರಗಳನ್ನು ಒಂದೇ ಪ್ಲಗ್ಗಿಗೆ ಸಿಕ್ಕಿಸುತ್ತಾನೆ. ಬಸ್ಸಿನಲ್ಲಿ ಜನರನ್ನು ತುಂಬಿ ಅಭ್ಯಾಸ. ಇವರೆಲ್ಲರಿಗೂ ಕಲಶವಿಟ್ಟ ಹಾಗಿರುವವರು ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ, ದಂತವೈದ್ಯರು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅವರ ಗೇಟಿನ ಮುಂದೆ ಹಾದುಹೋಗುತ್ತಿದ್ದೆ. ಒದ್ದೆ ಹುಲ್ಲಿನ ಮೇಲೆ ಅವರ ವೈರು ಮಲಗಿತ್ತು, ಜೋಡಣೆಗೆ ಟೇಪೂ ಇಲ್ಲ. ಮರದ ತುಂಬ ಗಾಜಿನ ಗುಂಡುಗಳು. ಮನೆಗೆ ಬಂದಿದ್ದ ನೆಂಟರೆಲ್ಲ ಅಂಗಳದಲ್ಲೇ ನಿಂತಿದ್ದರು. ಸುಮ್ಮನೆ ಹೋಗಬಹುದಿತ್ತು, ಆದರೆ ನನ್ನ ನಾಲಿಗೆ ನನ್ನ ಕಾಲಿಗಿಂತ ಚುರುಕು.

“ಡಾಕ್ಟ್ರೇ, ಇವು ಮನೆಯೊಳಗೆ ಹಾಕೋ ದೀಪ. ಹೊರಗೆ ಹಾಕೋ ದೀಪದ ಡಬ್ಬದ ಮೇಲೆ ಹಾಗಂತ ಬರೆದಿರುತ್ತೆ, ಓದ್ಬೇಕು. ಆಮೇಲೆ ಮರಕ್ಕೆ ಹಗುರವಾದ, ಒಡೆಯದ ವಸ್ತು ಮಾತ್ರ ಕಟ್ಬೇಕು.”

“ಒಂದು ದಿನಕ್ಕೆ ಏನಾಗುತ್ತೆ ಬಿಡಿ ಸಾರ್.”

“ಹುಳುಕು ಹಲ್ಲಿನವನೂ ನಿಮ್ಮ ಹತ್ರ ಇದನ್ನೇ ಹೇಳಿರ್ತಾನೆ.”

ನೆಂಟರು ನಕ್ಕರು. ಡಾಕ್ಟರು ನಗಲಿಲ್ಲ. ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತ ಮನೆಗೆ ಬಂದೆ.

ಮನೆಯಲ್ಲಿ ಪರಿಸ್ಥಿತಿ ಬೇರೆಯೇ ಇತ್ತು. ಪ್ರತಿ ವರ್ಷ ಹಬ್ಬದ ಹಿಂದಿನ ಸಂಜೆ ಆರು ಗಂಟೆಗೆ ಹಾಡುವವರ ತಂಡವೊಂದು ನಮ್ಮ ಬೀದಿಗೆ ಬರುತ್ತದೆ. ದೀಪ ಬೆಳಗುತ್ತಿರುವ ಮರದ ಮುಂದೆ ನಿಂತು ಹಾಡುತ್ತಾರೆ, ಕತ್ತಲಿರುವ ಮನೆಯನ್ನು ದಾಟಿಹೋಗುತ್ತಾರೆ. ನನ್ನ ಹೆಂಡತಿ ಮದುವೆಗೆ ಮೊದಲು ಒಂಬತ್ತು ವರ್ಷ ಇದೇ ತಂಡದಲ್ಲಿ ಹಾಡಿದವಳು. ಕಳೆದ ವರ್ಷ ಅವರು ನಮ್ಮನ್ನು ದಾಟಿಹೋದರು. ಕಾರಣ, ಮರಕ್ಕೆ ಹಾಕುವ ಮುನ್ನೂರು ಬಲ್ಬುಗಳನ್ನು ನಾನು ಒಂದೊಂದಾಗಿ ತಪಾಸಣೆ ಮಾಡುತ್ತಿದ್ದೆ, ಆರು ಗಂಟೆಗೆ ಇನ್ನೂರ ಹತ್ತನೆಯದರಲ್ಲಿದ್ದೆ. ಅವಳು ಕೇಕಿನ ತಟ್ಟೆ ಹಿಡಿದು ಗೇಟಿನಲ್ಲಿ ನಿಂತವಳು, ಅವರ ಹಾಡು ಬೀದಿಯ ಕೊನೆ ಸೇರುವವರೆಗೂ ಅಲ್ಲೇ ನಿಂತಿದ್ದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ನಾಲ್ಕು ದಿನ ಆ ಮೌನದ ಜೊತೆ ಊಟ ಮಾಡಿದ್ದೇನೆ.

ಆದ್ದರಿಂದ ಈ ಸಲ ಅವಳೂ ನನ್ನ ಅತ್ತೆಯೂ ಮಧ್ಯಾಹ್ನಕ್ಕೇ ಅಂಗಳಕ್ಕಿಳಿದಿದ್ದರು. ಅಂಗಳದ ಮರ ಹದಿನಾಲ್ಕು ಅಡಿ ಎತ್ತರ. ಇವರ ತಂತ್ರಜ್ಞಾನವೆಂದರೆ ತುದಿಗೆ ಕೊಕ್ಕೆ ಕಟ್ಟಿದ ಒಂದು ಉದ್ದನೆಯ ಕೋಲು. ನೆಲದ ಮೇಲೆ ನಿಂತೇ ದೀಪದ ಸರವನ್ನು ಕೊಕ್ಕೆಗೆ ಸಿಕ್ಕಿಸಿ, ಮರದ ಸುತ್ತ ನಡೆಯುತ್ತ ಕೊಂಬೆಗೆ ಎಸೆಯುವುದು.

“ಇದೇನಿದು, ಹಣ್ಣು ಉದುರಿಸ್ತಿದೀರಾ?” ಅಂದೆ.

“ಒಂದು ಗಂಟೇಲಿ ಮುಗಿಯುತ್ತೆ ರೀ. ನೀವು ಒಳಗೆ ಹೋಗಿ ಮಲ್ಕೊಳ್ಳಿ.”

“ಸುರಕ್ಷತಾ ಅಧಿಕಾರಿ ಮನೆ ಮರ ಇದು. ಇದಕ್ಕೊಂದು ಪದ್ಧತಿ ಇದೆ.”

“ಅಳಿಯಂದ್ರೇ, ನೆಲದ ಮೇಲೆ ನಿಂತೋರು ಎಲ್ಲಿಗೆ ಬೀಳ್ತಾರೆ?” ಎಂದರು ಅತ್ತೆ.

ಇಂಥ ಪಾಮರ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ. ಹನ್ನೊಂದು ನಿಯಮಗಳನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಏಣಿ ಸಮತಟ್ಟಾದ ನೆಲದ ಮೇಲಿರಬೇಕು. ಏಣಿಯ ಮೇಲೆ ಒಬ್ಬರೇ ಇರಬೇಕು. ಮೇಲಿರುವವರಿಗೆ ಕೆಳಗಿನಿಂದ ಹರಿತವಾದ ಉಪಕರಣ ಕೊಡಬಾರದು. ಹೀಗೆ. ತಾಯಿ ಮಗಳು ಅದನ್ನು ಪೂರ್ತಿ ಓದಿದರು. ಓದಿದ್ದು ನನ್ನ ದುರದೃಷ್ಟ.

ಕಾರ್ಖಾನೆಯಿಂದ ತಂದ ಕೆಂಪು ಹೆಲ್ಮೆಟ್ಟು, ಕಿತ್ತಳೆ ಬಣ್ಣದ ಹೊಳೆಯುವ ಜಾಕೆಟ್ಟು, ರಬ್ಬರಿನ ಕೈಗವಸು ತೊಟ್ಟೆ. ಸೊಂಟಕ್ಕೆ ಸೇಫ್ಟಿ ಬೆಲ್ಟು. ಬೆಲ್ಟಿನ ಹಗ್ಗವನ್ನು ಮರದ ಕಾಂಡಕ್ಕೆ ಒಂದು ಸುತ್ತು ಹಾಕಿ ತಂದು ಹೊಟ್ಟೆಯ ಮುಂದಿನ ಕೊಕ್ಕೆಗೆ ಸಿಕ್ಕಿಸಿದರೆ ಕಾಲು ಜಾರಿದರೂ ಮನುಷ್ಯ ಬೀಳುವುದಿಲ್ಲ. ಏಣಿ ಹತ್ತಿ, ಕೊಂಬೆಗಳ ನಡುವೆ ನುಗ್ಗಿ, ಎಂಟಡಿ ಎತ್ತರದಲ್ಲಿ ನನ್ನನ್ನು ನಾನೇ ಬಂಧಿಸಿಕೊಂಡೆ. ಎದುರುಮನೆಯ ಡ್ರೈವರು ಬಾಯಿ ಬಿಟ್ಟು ನೋಡುತ್ತಿದ್ದ. ನೋಡಿ ಕಲಿಯಲಿ ಎಂದು ನಿಧಾನವಾಗಿಯೇ ಕೆಲಸ ಮಾಡಿದೆ.

ದೀಪದ ಸರ ಗಾಳಿಗೆ ಅಲುಗಾಡಬಾರದೆಂದು ಪ್ಲಾಸ್ಟಿಕ್ ಟೈಗಳನ್ನು ತಂದಿದ್ದೆ, ಒಮ್ಮೆ ಬಿಗಿದರೆ ಕತ್ತರಿಸದೆ ಬಿಚ್ಚಲಾಗದಂಥವು. ಮರವನ್ನು ತಬ್ಬಿಕೊಂಡು, ಕಾಂಡದ ಹಿಂದೆ ಕೈಯಿಂದ ಕೈಗೆ ಸರ ದಾಟಿಸುತ್ತ, ತಡವಿ ತಡವಿ ಟೈ ಬಿಗಿಯುತ್ತ ಹೋದೆ. ಮೇಲಿನಿಂದ ಸುತ್ತಿದೆ, ಕೆಳಗಿನಿಂದ ಸುತ್ತಿದೆ, ಕಾರ್ಖಾನೆಯಲ್ಲಿ ಪೈಪು ಬಿಗಿಯುವ ಹಾಗೆ ಬಿಗಿದೆ. ಐದೂವರೆಗೆ ಕೊನೆಯ ಟೈ ಮುಗಿಯಿತು.

“ನೋಡೇ, ಆರು ಗಂಟೆಗೆ ಇನ್ನೂ ಅರ್ಧ ಗಂಟೆ ಇದೆ. ಇದಕ್ಕೆ ಪದ್ಧತಿ ಅಂತಾರೆ,” ಎಂದು ಇಳಿಯಲು ಒಂದು ಕಾಲು ಕೆಳಗಿಟ್ಟೆ. ಸೊಂಟ ಬರಲಿಲ್ಲ.

ಇನ್ನೊಮ್ಮೆ ಪ್ರಯತ್ನಿಸಿದೆ. ಸೊಂಟ ಮರದ ಪಾಲಾಗಿತ್ತು. ಆಗ ಹೊಳೆಯಿತು. ಕಾಂಡದ ಹಿಂದೆ ಕಣ್ಣಿಗೆ ಕಾಣದ ಕಡೆ ನಾನು ಬಿಗಿದದ್ದು ದೀಪದ ವೈರನ್ನು ಮಾತ್ರವಲ್ಲ, ವೈರಿನ ಜೊತೆ ನನ್ನ ಬೆಲ್ಟಿನ ಹಗ್ಗವನ್ನೂ ಸೇರಿಸಿ ಆರು ಕಡೆ ಬಿಗಿದಿದ್ದೆ. ಪ್ರತಿ ಟೈಗೂ ಹಗ್ಗ ಗಿಡ್ಡವಾಗುತ್ತ ಬಂದು, ಬಿಚ್ಚುವ ಕೊಕ್ಕೆ ನನ್ನ ಹೊಟ್ಟೆಗೂ ಕಾಂಡಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಹೊಟ್ಟೆಯನ್ನು ಒಳಗೆಳೆದುಕೊಂಡೆ. ಅದು ಇಪ್ಪತ್ತೆರಡು ವರ್ಷದ ಹೊಟ್ಟೆ, ಹೇಳಿದ ಮಾತು ಕೇಳಲಿಲ್ಲ.

“ಕತ್ತರಿ ಕೊಡು,” ಎಂದೆ, ಆದಷ್ಟು ಸಹಜವಾಗಿ.

“ಯಾಕೆ?”

“ಸುಮ್ನೆ ಕೊಡೇ.”

“ಹರಿತವಾದದ್ದು ಮೇಲಕ್ಕೆ ಕೊಡಬಾರದು. ಎಂಟನೇ ನಿಯಮ.”

“ಹಾಗಾದ್ರೆ ನೀನೇ ಹತ್ತಿ ಬಾ.”

“ಏಣಿ ಮೇಲೆ ಒಬ್ಬರೇ ಇರ್ಬೇಕು. ಮೂರನೇ ನಿಯಮ,” ಎಂದಳು. ಆಮೇಲೆ ಏನೋ ಎಡವಟ್ಟಾಗಿದೆಯೆಂದು ತಿಳಿದು ಮರದ ಹಿಂದೆ ಹೋಗಿ ನೋಡಿದಳು. ನಗಲಿಲ್ಲ. ಅವಳ ತಾಯಿಯೂ ಹೋಗಿ ನೋಡಿದರು.

“ಊರಿಗೆಲ್ಲ ಶಕುನ ಹೇಳೋ ಹಲ್ಲಿ...” ಎಂದು ಶುರುಮಾಡಿದ ಅತ್ತೆ ಗಾದೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಎಷ್ಟಾದರೂ ಅಳಿಯ ಎಂಬ ಮರ್ಯಾದೆ.

ಹೆಂಡತಿ ತಣ್ಣಗೆ ಪರಿಸ್ಥಿತಿ ವಿವರಿಸಿದಳು. ಟೈಗಳೂ ಹಗ್ಗವೂ ಇರುವುದು ದೀಪದ ಸುತ್ತುಗಳ ಅಡಿಯಲ್ಲಿ. ನನ್ನನ್ನು ಬಿಡಿಸಬೇಕಾದರೆ ಮೊದಲು ಸರ ಬಿಚ್ಚಬೇಕು. ಬಿಚ್ಚಿದರೆ ಮತ್ತೆ ಸುತ್ತಲು ಗಂಟೆಗಟ್ಟಲೆ ಬೇಕು. ಈಗ ಆರಕ್ಕೆ ಹತ್ತು ನಿಮಿಷ. ಗಂಡನೋ ಮರವೋ, ಎರಡರಲ್ಲಿ ಒಂದು. ಅವಳು ಯೋಚಿಸಿದಳು ಎಂದು ಹೇಳಲು ನನಗೆ ಆಸೆ, ಆದರೆ ಯೋಚಿಸಲಿಲ್ಲ.

“ಹಾಡು ಮುಗಿಯೋವರೆಗೆ ಅಲ್ಲೇ ಇರಿ.”

“ಮರದ ಮೇಲೆ ಮನುಷ್ಯ ಇರುವಾಗ ಸ್ವಿಚ್ ಹಾಕೋ ಹಾಗಿಲ್ಲ.”

“ಹೊರಗಡೆಗೇ ಮಾಡಿದ ದೀಪ, ಮೈಗೆ ಸುತ್ತಿಕೊಂಡ್ರೂ ಏನೂ ಆಗಲ್ಲ ಅಂತ ಅಂಗಡಿಯವನ ಮುಂದೆ ಭಾಷಣ ಮಾಡಿದ್ದು ಯಾರು?”

ಸ್ವಿಚ್ ಬಿತ್ತು. ಮರ ಬೆಳಗಿತು, ಮರದ ಜೊತೆ ನಾನೂ ಬೆಳಗಿದೆ. ಇಷ್ಟರಲ್ಲಿ ಅತ್ತೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿ, “ಅಳಿಯಂದ್ರು ಇರೋ ಕಡೆ ಬೋಳು ಕಾಣುತ್ತೆ ಕಣೇ,” ಎಂದರು. ಆ ಅವೈಜ್ಞಾನಿಕ ಕೋಲು ಬಂತು. ಎರಡು ನಕ್ಷತ್ರ ನನ್ನ ಬೆಲ್ಟಿಗೆ, ಒಂದು ಕಿರುಗಂಟೆ ಜಾಕೆಟ್ಟಿನ ಕಾಲರಿಗೆ, ಏಣಿಯ ಉದ್ದಕ್ಕೂ ಬೆಳ್ಳಿಬಣ್ಣದ ಕಾಗದದ ಮಾಲೆ, ಎಲ್ಲ ಮೂರೇ ನಿಮಿಷದಲ್ಲಿ. ಕೂಗಾಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಹಾಡುವವರ ತಂಡ ಕಾಣಿಸಿತು. ಅವರ ಮುಂದೆ ಟಾರ್ಚು ಹಿಡಿದು ಬರುತ್ತಿದ್ದವರು ದಂತವೈದ್ಯರು.

ತೆರೆದ ಬಾಯಿ ಮುಚ್ಚಿದೆ. ಬೆಳಿಗ್ಗೆ ಆ ಮನುಷ್ಯನ ನೆಂಟರ ಮುಂದೆ ನಾನಾಡಿದ ಮಾತು ಒಂದೊಂದಾಗಿ ನೆನಪಿಗೆ ಬಂತು. ಮುಖವನ್ನು ಕಾಂಡಕ್ಕೆ ಒತ್ತಿ, ಕೈಗಳನ್ನು ಗಟ್ಟಿಯಾಗಿ ಚಾಚಿ, ಉಸಿರು ಬಿಗಿಹಿಡಿದು ನಿಂತೆ. ಸುರಕ್ಷತಾ ಅಧಿಕಾರಿ ಮರಕ್ಕೆ ಸಿಕ್ಕಿಕೊಂಡಿದ್ದಾನೆ ಅನ್ನಿಸಿಕೊಳ್ಳುವುದಕ್ಕಿಂತ ಬೊಂಬೆಯಾಗುವುದು ಮೇಲು.

ಅವರು ನಿಂತರು, ಹಾಡಿದರು. ಕಳೆದ ವರ್ಷದ್ದೂ ಸೇರಿಸಿ ಹಾಡಿದರು. ಎರಡನೆಯ ಹಾಡಿಗೆ ಹೆಂಡತಿಯ ದನಿಯೂ ಸೇರಿತು. ಇಷ್ಟು ವರ್ಷವಾದರೂ ಅವಳ ದನಿ ಹಾಗೆಯೇ ಇದೆ. ನಿಜ ಹೇಳುತ್ತೇನೆ, ಮರ ತಬ್ಬಿಕೊಂಡಿದ್ದರೂ ನನಗೆ ಸಂತೋಷವಾಯಿತು. ಅಷ್ಟರಲ್ಲಿ ಎಲೆಯ ಮೊನೆಯೊಂದು ಮೂಗಿನೊಳಗೆ ಹೋಗಿ ಭಯಂಕರವಾಗಿ ಸೀನಿದೆ.

ಹಾಡು ಮುಗಿದ ಮೇಲೆ ಡಾಕ್ಟರು ಕೇಕು ತಿನ್ನುತ್ತ ಟಾರ್ಚನ್ನು ನನ್ನ ಬೆನ್ನಿಗೆ ಬಿಟ್ಟರು.

“ಏನಮ್ಮಾ, ಈ ಬೊಂಬೆ ಸೀನುತ್ತೆ ಬೇರೆ. ಬ್ಯಾಟರೀದಾ?”

“ಹ್ಞೂಂ ಡಾಕ್ಟ್ರೇ. ಶಬ್ದ ನಿಲ್ಲಿಸೋಕೆ ಮಾತ್ರ ಸ್ವಿಚ್ ಇಲ್ಲ. ಇವತ್ತೇ ಇಷ್ಟು ಸುಮ್ಮನಿರೋದು.”

“ಚೆನ್ನಾಗಿದೆ. ಹಿಂಭಾಗ ಸ್ವಲ್ಪ ದಪ್ಪ ಮಾಡ್ಬಿಟ್ಟಿದ್ದಾರೆ ಅಷ್ಟೆ. ಆದ್ರೂ ಇಷ್ಟು ಭಾರದ್ದು ಮರಕ್ಕೆ ಕಟ್ಬಾರ್ದು. ನಿಮ್ಮ ಯಜಮಾನ್ರೇ ಬೆಳಿಗ್ಗೆ ನಮ್ಮನೆ ಮುಂದೆ ನಿಂತು ಪಾಠ ಮಾಡಿದ್ರು. ಎಲ್ಲಿ ಅವರು?”

“ಇದಾರೆ. ತುಂಬಾ ಸುರಕ್ಷಿತವಾಗಿದಾರೆ.”

ಡಾಕ್ಟರು ಟಾರ್ಚನ್ನು ನನ್ನ ಹಿಂಭಾಗದಲ್ಲೇ ಇನ್ನೊಂದು ಸುತ್ತು ತಿರುಗಿಸಿದರು. “ಎಲ್ಲಿ ಸಿಕ್ತು ಇದು?”

“ತಂದಿದ್ದಲ್ಲ. ಹದಿನೆಂಟು ವರ್ಷದಿಂದ ಮನೇಲೇ ಇತ್ತು. ಯಾವುದಕ್ಕೆ ಉಪಯೋಗ ಅಂತ ಗೊತ್ತಾಗಿರ್ಲಿಲ್ಲ.”

“ಮುಂದಿನ ವರ್ಷ ನಮ್ಮ ಸಂಘದ ಮರಕ್ಕೆ ಒಂದು ವಾರ ಕೊಡ್ತೀರಾ? ಜೋಪಾನವಾಗಿ ವಾಪಸ್ ಕಳಿಸ್ತೀನಿ.”

ಹೆಂಡತಿ ತಟ್ಟೆಯಲ್ಲಿದ್ದ ಕೊನೆಯ ತುಂಡು ಕೇಕನ್ನು ಅವರ ಕೈಗೆ ಹಾಕಿದಳು.

“ಧಾರಾಳವಾಗಿ ತಗೊಂಡು ಹೋಗಿ ಡಾಕ್ಟ್ರೇ. ವಾಪಸ್ ಕೊಡೋಕೆ ಮಾತ್ರ ಅವಸರ ಮಾಡ್ಬೇಡಿ.”