ಬೇಸಿಗೆಯಲ್ಲಿ ಕೊಂಡ ಹಿಮಗಾಡಿ

ಈ ಸಲ ನನಗೆ ಟೋಪಿ ಹಾಕುವ ಗಂಡು ಈ ಭೂಮಿಯ ಮೇಲೆ ಹುಟ್ಟಿಲ್ಲ ಎಂದು ಜೂನ್ ತಿಂಗಳ ಒಂದು ಬೆಳಿಗ್ಗೆ ಮೊಟ್ಟೆ ತಿನ್ನುತ್ತಾ ಘೋಷಿಸಿದೆ. ಹಿಮದ ಮೇಲೆ ಸ್ಕೂಟರಿನಂತೆ ಓಡಿಸುವ ಹಳೆಯ ಹಿಮಗಾಡಿಯೊಂದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟರೆ ಸಾಕು, ಅದರ ಹುಟ್ಟು, ಬಾಲ್ಯ, ಕಾಯಿಲೆ ಕಸಾಲೆ, ಮುಂದಿನ ಆಯುಷ್ಯ ಎಲ್ಲವನ್ನೂ ಹೇಳಬಲ್ಲೆ ಎಂದೂ ಸೇರಿಸಿದೆ.

ನನ್ನ ಹೆಂಡತಿ ಲವಾನ್ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ. ಹೋದ ಸಲದ ಗಾಡಿಯನ್ನೂ ಅಂಗೈ ಇಟ್ಟೇ ಕೊಂಡದ್ದು ಎಂದಷ್ಟೇ ಹೇಳಿದಳು.

ಹೋದ ಗಾಡಿಯ ವಿಷಯ ಹೇಳಿಕೊಳ್ಳುವಂಥದ್ದಲ್ಲ. ಫೆಬ್ರವರಿಯಲ್ಲಿ ಅದು ಬೆಟ್ಟದ ಹಿಂಬದಿಯ ಕಣಿವೆಯಲ್ಲಿ ಒಂದು ಸಲ ಸೀನಿ, ಒಂದಿಷ್ಟು ಹೊಗೆ ಉಗುಳಿ, ಇಹಲೋಕದ ವ್ಯಾಪಾರ ಮುಗಿಸಿತು. ಲವಾನ್ ಪಕ್ಕದ ಮನೆಯವರ ಗಾಡಿ ತಂದು, ಹಗ್ಗ ಕಟ್ಟಿ, ಅದನ್ನೂ ಅದರ ಮೇಲೆ ಕೂತಿದ್ದ ನನ್ನನ್ನೂ ಎಳೆದುಕೊಂಡು ಹೊರಟಳು. ಹಿತ್ತಿಲ ದಾರಿಯಿದ್ದರೂ ಊರಿನ ದೊಡ್ಡ ರಸ್ತೆಯಲ್ಲೇ ಎಳೆದಳು! ಕೆಫೆಯಲ್ಲಿ ತಿಂಡಿಗೆ ಕೂತಿದ್ದವರೆಲ್ಲ ಫೋರ್ಕು ಕೆಳಗಿಟ್ಟು ಕಿಟಕಿಗೆ ಬಂದರು. ಮೊಂಟಾನಾದ ನಮ್ಮ ಬೆಟ್ಟದೂರಿನಲ್ಲಿ ಗಂಡಸು ಏನು ಮಾಡಿದರೂ ಜನ ಮರೆಯುತ್ತಾರೆ, ಹೆಂಡತಿಯ ಹಗ್ಗದ ತುದಿಯಲ್ಲಿ ಮನೆಗೆ ಬಂದದ್ದನ್ನು ಮಾತ್ರ ಮರೆಯುವುದಿಲ್ಲ.

ಅವತ್ತೇ ನಮ್ಮ ಮನೆಯಲ್ಲಿ ಹೊಸ ಕಾನೂನು ಜಾರಿಗೆ ಬಂತು.

"ಇನ್ನೊಂದು ಗಾಡಿ ತಗೋ, ಬೇಡ ಅನ್ನಲ್ಲ," ಎಂದಳು ಲವಾನ್. "ಆದ್ರೆ ಅದೂ ಇಂಥದ್ದೇ ಡಬ್ಬಾ ಆಯ್ತೋ, ಬರೋ ಚಳಿಗಾಲ ಪೂರ್ತಿ ಅಮ್ಮನ ಮನೇಲಿ."

ನಮ್ಮತ್ತೆ ಆರ್ಡಿತ್ ಇರುವುದು ಅರಿಜೋನಾದ ಮರಳುಗಾಡಿನಲ್ಲಿ, ಮುದುಕರಿಗೆಂದೇ ಕಟ್ಟಿದ ಟ್ರೇಲರ್ ಗಾಡಿಮನೆಗಳ ಕಾಲೊನಿಯಲ್ಲಿ. ಚಳಿಗಾಲ ಬಂತೆಂದರೆ ನಮ್ಮೂರಿನ ಮಂಡಿನೋವಿನವರೆಲ್ಲ ಗುಳೆ ಹೊರಡುವುದು ಅಲ್ಲಿಗೇ. ಜನವರಿಯಲ್ಲೂ ಅಲ್ಲಿ ಒಂದು ಚೂರು ಹಿಮ ಬೀಳುವುದಿಲ್ಲ. ರಾತ್ರಿಯೂಟವನ್ನು ಸೂರ್ಯ ನೆತ್ತಿಯಿಂದ ಇಳಿಯುವ ಮೊದಲೇ ಮುಗಿಸುತ್ತಾರೆ. ಆಮೇಲೆ ನಮ್ಮತ್ತೆ ತನ್ನ ಪಿತ್ತಕೋಶದ ಆಪರೇಷನ್ನಿನ ಕಥೆ ಹೇಳುತ್ತಾಳೆ. ಐವತ್ತೆಂಟು ಚಳಿಗಾಲಗಳನ್ನು ಹಿಮದಲ್ಲೇ ಕಳೆದ ನನಗೆ ಇದಕ್ಕಿಂತ ಜೈಲು ವಾಸಿ.

ಹಿಮ ಬೀಳಲಿ, ಆಗ ಓಡಿಸಿ ನೋಡಿ ಕೊಂಡುಕೋ ಎಂದು ಲವಾನ್ ಬುದ್ಧಿ ಹೇಳದೆ ಇರಲಿಲ್ಲ. ನಾನು ನಕ್ಕುಬಿಟ್ಟೆ. ನವೆಂಬರಿನಲ್ಲಿ ಹಿಮಗಾಡಿ ಕೊಳ್ಳುವವರು ಪಟ್ಟಣದಿಂದ ಬರುವ ಪ್ರವಾಸಿಗರು. ಬೆಟ್ಟದಲ್ಲಿ ಹುಟ್ಟಿದವನು ಕೊಳ್ಳುವುದು ಬೇಸಿಗೆಯಲ್ಲಿ, ಗಾಡಿ ಶೆಡ್ಡಿನ ಮೂಲೆಯಲ್ಲಿ ದೂಳು ತಿನ್ನುತ್ತಾ, ಮಾಲೀಕನ ಹೆಂಡತಿ ಅದಕ್ಕೆ ದಿನಾ ಕಾಲು ಎಡವಿಕೊಂಡು ಶಾಪ ಹಾಕುವಾಗ. ಆಗ ಅರ್ಧ ಬೆಲೆಗೆ ಸಿಗುತ್ತದೆ. ಓಡಿಸಿ ನೋಡಲಾಗುವುದಿಲ್ಲ ಎನ್ನುವುದೊಂದೇ ತೊಂದರೆ. ನಮ್ಮೂರಿನ ಗಂಡಸರೆಲ್ಲ ಹೀಗೇ ಕೊಳ್ಳುತ್ತಾರೆ, ಹೀಗೇ ಮುಳುಗುತ್ತಾರೆ, ಮುಂದಿನ ಬೇಸಿಗೆಯಲ್ಲಿ ಹೀಗೇ ಮತ್ತೆ ಕೊಳ್ಳುತ್ತಾರೆ.

ಗಾಡಿ ಸಿಕ್ಕಿದ್ದು ಕೆಳಗಿನ ಕಣಿವೆಯ ಕ್ಲೀಟ್ ಬೋಡೀನ್ ಎನ್ನುವವನ ಹತ್ತಿರ. ಮಾರುವವರ ಕಳ್ಳಾಟ ನನಗೆ ಗೊತ್ತಿಲ್ಲವೇ? ಸುಲಭಕ್ಕೆ ಹೊತ್ತಿಕೊಳ್ಳದ ಎಂಜಿನ್ನನ್ನು ಗಿರಾಕಿ ಬರುವ ಮೊದಲೇ ಬಿಸಿ ಮಾಡಿ ಇಟ್ಟಿರುತ್ತಾರೆ, ಗಿರಾಕಿಯೆದುರು ಸ್ಟಾರ್ಟರ್ ಹಗ್ಗದ ಒಂದೇ ಎಳೆತಕ್ಕೆ ಗುರ್ ಎನ್ನುತ್ತದೆ. ಅದಕ್ಕೇ ಹೇಳಿದ ಹೊತ್ತಿಗಿಂತ ಬಹಳ ಮೊದಲೇ ಹೋಗಿ, ಕಾರು ದೂರ ನಿಲ್ಲಿಸಿ, ಬೇಲಿಯಡಿ ನುಸುಳಿ, ಬೆಕ್ಕಿನಂತೆ ಶೆಡ್ಡಿನೊಳಗೆ ಕಾಲಿಟ್ಟೆ.

ಕ್ಲೀಟ್ ಗಾಡಿಯ ಪಕ್ಕ ಬಕೆಟ್ ಕವುಚಿಹಾಕಿ ಅದರ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ!

"ಬಾನೆಟ್ ಮುಟ್ಟೋಕೆ ಬೇಗ ಬಂದ್ರಲ್ವಾ?" ಎಂದ. "ಮುಟ್ಟಿ ಮಾರಾಯ್ರೆ, ತಣ್ಣಗಿದೆ. ಎಲ್ರೂ ಬೇಲಿ ಕೆಳಗೇ ಬರ್ತಾರೆ."

ಮುಟ್ಟಿದೆ. ಹೆಣದಷ್ಟು ತಣ್ಣಗಿತ್ತು. ಒಂದೇ ಎಳೆತಕ್ಕೆ ಹೊತ್ತಿಕೊಂಡಿತು. ಬೋಲ್ಟುಗಳ ಮೇಲೆ ಸ್ಪ್ಯಾನರಿನ ಗಾಯವಿರಲಿಲ್ಲ, ಚಕ್ರದ ಬದಲು ಅಡಿಯಲ್ಲಿ ತಿರುಗುವ ರಬ್ಬರ್ ಪಟ್ಟಿಯ ಹಲ್ಲುಗಳಲ್ಲಿ ಒಂದೂ ಮುರಿದಿರಲಿಲ್ಲ. ಎಣ್ಣೆ ಮೂಸಿದೆ, ಸೀದ ವಾಸನೆ ಇಲ್ಲ. ಯಾಕೆ ಮಾರುತ್ತೀಯ ಎಂದರೆ ಮಂಡಿಚಿಪ್ಪು ಬದಲಾಯಿಸಿದ ಡಾಕ್ಟರು ಬೇಡವೆಂದರು ಎಂದು ಪ್ಯಾಂಟು ಮಡಚಿ ಹೊಲಿಗೆ ತೋರಿಸಿದ. ನಾನು ದಂಗಾದೆ. ಹಳೆಯ ಗಾಡಿಯಲ್ಲಿ ದೋಷವೇ ಕಾಣದಿದ್ದರೆ ಆ ದೋಷ ಅದೆಷ್ಟು ಆಳದಲ್ಲಿ ಅಡಗಿರಬೇಕು! ಅವತ್ತು ರಾತ್ರಿಯೆಲ್ಲ ಕನಸಿನಲ್ಲಿ ಅರಿಜೋನಾದ ಪಾಪಸುಕಳ್ಳಿ ಕಾಣಿಸಿತು.

ದುಡ್ಡು ಕೊಡುವ ಮೊದಲು ಗಾಡಿಯನ್ನು ಪರೀಕ್ಷಿಸಲು ಲವಾನ್ ಹಾಕಿದ ಷರತ್ತು ಸರಳವಾಗಿತ್ತು. ಜುಲೈ ನಾಲ್ಕರ ಸ್ವಾತಂತ್ರ್ಯದ ಹಬ್ಬಕ್ಕೆ ಊರಿನ ಪಾರ್ಕಿನಲ್ಲಿ, ಹಿಟ್ಟಿನ ಹಾಳೆಯೊಳಗೆ ಹಣ್ಣು ತುಂಬಿ ಬೇಯಿಸುವ ಪೈ ತಿಂಡಿಯ ಸ್ಪರ್ಧೆ. ಹಿಂದಿನ ದಿನ ಅವಳು ಅಡುಗೆಮನೆಯಲ್ಲಿ ಪೈಗೆ ಹಿಟ್ಟು ನಾದಲು ಶುರುಮಾಡಿ ಲಟ್ಟಿಸಿ ಮುಗಿಸುವವರೆಗೂ ಗಾಡಿ ಅಂಗಳದಲ್ಲಿ ನಿಲ್ಲದೆ ಓಡುತ್ತಿರಬೇಕು. ಅವಳು ಕಿಟಕಿಯಿಂದ ಸದ್ದು ಕೇಳುತ್ತಿರುತ್ತಾಳೆ. ಒಂದು ಸಲ ನಿಂತರೂ ಅರಿಜೋನಾ.

ಆಗಲಿ ಎಂದು ಮೇಜು ಕುಟ್ಟಿ ಒಪ್ಪಿಕೊಂಡೆ. ಕ್ಲೀಟನಿಗೆ ಫೋನು ಮಾಡಿ ಇದನ್ನು ಹೇಳಿದೆ.

"ನಿಮ್ ಹೆಂಡ್ತಿ ಬೆಟ್ಟದೋರೇನಾ?" ಎಂದು ಕೇಳಿದ.

"ಇಲ್ಲೇ ಹುಟ್ಟಿದ್ದು. ಯಾಕೆ?"

"ಹಂಗಾದ್ರೆ ಬೇಕೂಂತ್ಲೇ ಹೇಳಿದಾರೆ. ಈ ಎಂಜಿನ್ ತಣ್ಣಗಾಗೋದೇ ಹಿಮದಿಂದ. ಪಟ್ಟಿ ಹಿಮ ಎತ್ತಿ ಹೊಟ್ಟೆಗೆ ಎರಚಬೇಕು. ಹಿಮ ಇಲ್ದೆ ಓಡ್ಸಿದ್ರೆ ಕಾದು ತಾನಾಗೇ ಬಂದ್ ಆಗತ್ತೆ."

ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಮೇಜು ಕುಟ್ಟುವ ಆ ಒಂದು ಗಳಿಗೆ ಮರೆತುಹೋಗಿತ್ತು. ಆದರೂ ಬಿಟ್ಟುಕೊಡುವ ಜಾಯಮಾನ ನನ್ನದಲ್ಲ. ಹಿಮವಿಲ್ಲದಿದ್ದರೆ ಪೆಟ್ರೋಲ್ ಬಂಕಿನಲ್ಲಿ ಮೂಟೆ ಮೂಟೆ ಐಸು ಮಾರುತ್ತಾರಲ್ಲ, ಅದನ್ನು ಪಟ್ಟಿಯಡಿ ಸುರಿದರಾಯಿತು ಎಂದು ಧೈರ್ಯ ತಂದುಕೊಂಡೆ.

ಜುಲೈ ಮೂರರ ಬೆಳಿಗ್ಗೆ ಕ್ಲೀಟ್ ಗಾಡಿ ತಂದು, ಪಟ್ಟಿ ನೆಲಕ್ಕೆ ತಾಗದೆ ತಿರುಗಲೆಂದು ಅಂಗಳದಲ್ಲಿ ಹಿಂಭಾಗ ಎತ್ತಿ ನಿಲ್ಲಿಸಿದ. ನಾನು ಬಂಕಿಗೆ ಓಡಿದೆ. ಐಸಿನ ಪೆಟ್ಟಿಗೆ ಬಾಯಿ ತೆರೆದು ಖಾಲಿ ನಿಂತಿತ್ತು! ಮರುದಿನ ಹಬ್ಬ, ಊರಿನವರೆಲ್ಲ ಬಿಯರ್ ತಣ್ಣಗಿಡಲು ಹೊತ್ತುಕೊಂಡು ಹೋಗಿದ್ದರು. ಬರಿಗೈಯಲ್ಲಿ ಮನೆಗೆ ಬಂದರೆ ಲವಾನ್ ಆಗಲೇ ಹಿಟ್ಟಿಗೆ ಕೈ ಹಾಕಿ, ಶುರುಮಾಡಿ ಎಂದು ಕಿಟಕಿಯಿಂದ ಕೂಗಿಯೂ ಆಗಿತ್ತು.

ಕ್ಲೀಟ್ ಹಗ್ಗ ಎಳೆದ. ಗಾಡಿ ಘರ್ಜಿಸಿತು. ಪೈಪಿನಿಂದ ನೀರು ಹೊಡೆಯೋಣ ಎಂದು ನಾನು ನಲ್ಲಿ ತಿರುಗಿಸಿದರೆ, ಚಳಿಗಾಲ ಪೂರ್ತಿ ಹೊರಗೆ ಬಿಟ್ಟಿದ್ದ ಪೈಪು ಆಗಲೇ ಒಳಗಿನ ನೀರು ಹೆಪ್ಪುಗಟ್ಟಿ ಸೀಳಿಹೋಗಿತ್ತು. ಉದ್ದಕ್ಕೂ ಕಾರಂಜಿ ಎದ್ದು ನಾನು ತೊಯ್ದೆ, ಕ್ಲೀಟ್ ತೊಯ್ದ, ಪಕ್ಕದ ಮನೆಯ ನಾಯಿ ತೊಯ್ದಿತು. ಗಾಡಿಗೆ ಮಾತ್ರ ಒಂದು ಹನಿ ತಾಗಲಿಲ್ಲ! ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತು. ಕಿಟಕಿಯಲ್ಲಿ ಲಟ್ಟಣಿಗೆ ಉರುಳುವುದು ಕಾಣುತ್ತಿತ್ತು. ಇಂದಿಗೂ ಹೇಳುತ್ತೇನೆ, ಅಷ್ಟು ನಿಧಾನವಾಗಿ ಯಾವ ಹೆಂಗಸೂ ಹಿಟ್ಟು ಲಟ್ಟಿಸಿದ್ದಿಲ್ಲ.

ಗ್ಯಾರೇಜಿನಲ್ಲಿ ನಮ್ಮ ದೊಡ್ಡ ಫ್ರೀಜರ್ ಇದೆ. ಅದರ ಗೋಡೆಯ ಮಂಜನ್ನೆಲ್ಲ ಸೌಟಿನಿಂದ ಕೆರೆದು ತಂದು ಪಟ್ಟಿಯಡಿ ಸುರಿದೆ. ಮುಳ್ಳು ಒಂದು ಕೂದಲೆಳೆ ಇಳಿದು ಮತ್ತೆ ಹತ್ತಿತು. ಹೋದ ಶರತ್ಕಾಲದಲ್ಲಿ ನಾನೇ ಬೇಟೆಯಾಡಿದ ಎಲ್ಕ್ ಜಿಂಕೆಯ ಮಾಂಸದ ಕಟ್ಟುಗಳನ್ನು ತಂದು ಬಿಸಿ ಕಬ್ಬಿಣಕ್ಕೆ ಒತ್ತಿ ಹಿಡಿದೆವು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಒಳ್ಳೆಯ ಅಡುಗೆಯ ವಾಸನೆ ಬಂತು. ಬಟಾಣಿ ಹೋಯಿತು, ಜೋಳ ಹೋಯಿತು. ಮುಳ್ಳು ಕೆಂಪು ಗೆರೆ ಮುಟ್ಟಿತು.

ಫ್ರೀಜರಿನ ತಳದಲ್ಲಿ ಇನ್ನೇನು ಉಳಿದಿತ್ತು? ಹಕಲ್‌ಬೆರಿಯ ಚೀಲಗಳು.

ಹಕಲ್‌ಬೆರಿ ಎಂದರೆ ಅಂಗಡಿಯ ಹಣ್ಣಲ್ಲ. ಅದನ್ನು ಯಾರೂ ಬೆಳೆಯಲಾರರು. ಆಗಸ್ಟಿನಲ್ಲಿ ಬೆಟ್ಟ ಹತ್ತಿ, ಕರಡಿಗೆ ಕೇಳಿಸಲೆಂದು ಹಾಡು ಹೇಳುತ್ತಾ, ಒಂದೊಂದೇ ಬಿಡಿಸಬೇಕು. ಲವಾನ್ ಬಿಡಿಸುವ ಜಾಗ ಎಲ್ಲಿದೆ ಎಂದು ಮದುವೆಯಾಗಿ ಮೂವತ್ತು ವರ್ಷವಾದರೂ ನನಗೆ ಹೇಳಿಲ್ಲ. ಜುಲೈನಲ್ಲಿ ಹೊಸ ಹಣ್ಣು ಬಂದಿರುವುದಿಲ್ಲ. ಹಬ್ಬದ ಪೈಗೆಂದು ಅವಳು ವರ್ಷವಿಡೀ ಒಂದು ಹಣ್ಣನ್ನೂ ಮುಟ್ಟದೆ ಕಾಪಾಡಿದ ಕೊನೆಯ ಚೀಲಗಳು ಅವು.

ಒಂದು ಚೀಲ ಮಾತ್ರ, ಅದೂ ಸುಮ್ಮನೆ ತಾಗಿಸಿ ವಾಪಸ್ ಇಡುವುದು ಎಂದುಕೊಂಡೆ. ಆದರೆ ಎಂಜಿನ್ ಆಗಲೇ ಒಂದು ಸಲ ತೊದಲಿತ್ತು. ಕಣ್ಣೆದುರು ನಮ್ಮತ್ತೆಯ ಪಿತ್ತಕೋಶ ಬಂದು ನಿಂತಿತು. ಎಲ್ಲ ಚೀಲಗಳನ್ನೂ ಎದೆಗವಚಿಕೊಂಡು ಓಡಿಬಂದವನು ಒದ್ದೆ ನೆಲದಲ್ಲಿ ಜಾರಿದೆ. ಚೀಲಗಳು ಸಾಲಾಗಿ ಹೋಗಿ ತಿರುಗುವ ಪಟ್ಟಿಯ ಹಲ್ಲಿಗೆ ಬಿದ್ದವು!

ಬೆಟ್ಟದ ಹಿಮವನ್ನು ಆಳೆತ್ತರ ಎರಚಲೆಂದೇ ಮಾಡಿದ ಪಟ್ಟಿ ಅದು. ಹಣ್ಣು ಬಿಟ್ಟೀತೇ? ಅರ್ಧ ಎಂಜಿನ್ನಿನ ಹೊಟ್ಟೆಗೆ ಹೋಯಿತು, ಇನ್ನರ್ಧ ನೇರಳೆ ಬಣ್ಣದ ಬಿರುಗಾಳಿಯಾಗಿ ಹಿಂದಕ್ಕೆ ಚಿಮ್ಮಿತು. ಬಿಳಿ ಗೋಡೆ ನೇರಳೆಯಾಯಿತು. ಹಬ್ಬಕ್ಕೆಂದು ತೂಗುಬಿಟ್ಟಿದ್ದ ಬಾವುಟದಲ್ಲಿ ಹೊಸದೊಂದು ಬಣ್ಣ ಸೇರಿತು. ಇದೆಲ್ಲದರ ನಟ್ಟನಡುವೆ, ಹಿಟ್ಟು ಲಟ್ಟಿಸಿ ಮುಗಿಸಿ, ಹಣ್ಣು ತೆಗೆದುಕೊಳ್ಳಲೆಂದು ಬಟ್ಟಲು ಹಿಡಿದು ಆಗತಾನೇ ಹೊರಬಂದ ಲವಾನ್ ನಿಂತಿದ್ದಳು. ನೆತ್ತಿಯಿಂದ ಏಪ್ರನ್ನಿನವರೆಗೆ ನೇರಳೆ. ಕಣ್ಣು ಎರಡು ಮಾತ್ರ ಬಿಳಿ.

ಕ್ಲೀಟ್ ಮೆಲ್ಲಗೆ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ, ಸಾವಿನ ಮನೆಯಲ್ಲಿ ಮಾಡುವಂತೆ. ಗಾಡಿಯೊಂದೇ ಏನೂ ಆಗದಂತೆ ಗುರುಗುಟ್ಟುತ್ತಿತ್ತು. ಬಿಸಿಯ ಮುಳ್ಳು ಸರ್ರನೆ ಇಳಿದು ಹಸಿರು ಗೆರೆಯಲ್ಲಿ ಹಾಯಾಗಿ ಮಲಗಿತ್ತು.

ಲವಾನ್ ತುಟಿಯ ಮೇಲಿನ ಒಂದು ಹಣ್ಣನ್ನು ನಾಲಿಗೆಯಿಂದ ತೆಗೆದುಕೊಂಡಳು. ಅಗಿದಳು. ನುಂಗಿದಳು.

"ನಿಲ್ಲಲಿಲ್ಲ ಅಲ್ವಾ?" ಎಂದು ಕ್ಲೀಟನನ್ನು ಕೇಳಿದಳು.

"ಇಲ್ಲ ಮೇಡಂ."

"ಈ ಮನುಷ್ಯ ಇಷ್ಟೆಲ್ಲ ಮಾಡಿದ್ರೂ?"

"ಇಷ್ಟೆಲ್ಲ ಮಾಡಿದ್ರೂ ಮೇಡಂ."

ಅವಳು ಒಳಗೆ ಹೋಗಿ ಕೈ ಒರೆಸಿಕೊಂಡು ಬಂದು ತಾನೇ ದುಡ್ಡು ಕೊಟ್ಟಳು. ಗಾಡಿಯ ಕಾಗದವನ್ನೂ ತನ್ನ ಹೆಸರಿಗೇ ಬರೆಸಿಕೊಂಡಳು. ಹಣ್ಣಿಗೆ ಇದು ಪರಿಹಾರವೆಂದಳು. ಮರುದಿನ ಸ್ಪರ್ಧೆಗೆ ಪೇಟೆಯ ಸೇಬು ತುಂಬಿದ ಪೈ ಒಯ್ದು, ತಾನು ವರ್ಷಾನುಗಟ್ಟಲೆ ಗೆದ್ದುಕೊಂಡು ಬಂದ ರಿಬ್ಬನ್ ಪಾದ್ರಿಯ ತಂಗಿಯ ಪಾಲಾಗುವುದನ್ನು ಕಣ್ಣಾರೆ ನೋಡಿ ಬಂದಳು. ಹೆಂಗಸರು ಕೂದಲ ಬಣ್ಣ ಚೆನ್ನಾಗಿದೆ ಎಂದರಂತೆ. ಮನೆಗೆ ಬಂದವಳು ನೇರ ಅಮ್ಮನಿಗೆ ಫೋನು ಮಾಡಿದಳು.

ನಾನು ಹೌಹಾರಿದೆ. ಗಾಡಿ ನಿಲ್ಲಲೇ ಇಲ್ಲವಲ್ಲ, ನಾನು ಗೆದ್ದೆನಲ್ಲ, ಅರಿಜೋನಾಕ್ಕೆ ಯಾಕೆ ಹೋಗಬೇಕು ಎಂದು ವಾದ ಹೂಡಿದೆ.

"ನಾನೆಲ್ಲಿ ಹೋಗ್ತಿದೀನಿ?" ಎಂದಳು ಲವಾನ್ ಶಾಂತವಾಗಿ. "ಇಂಥ ಗಾಡಿ ಬಿಟ್ಟು ಹೋಗೋಕೆ ನನಗೇನು ಹುಚ್ಚಾ? ನೀನೊಬ್ನೇ ಹೋಗು, ಮೆರ್ಲ್. ಗಾಡಿ ಕೆಟ್ಟು ನಿಂತ ದಿನ ಕರೆಸ್ಕೋತೀನಿ. ರಿಪೇರಿಗಾದ್ರೂ ಆಗ್ತೀಯ."

ಇದನ್ನು ಬರೆಯುತ್ತಿರುವುದು ನಮ್ಮತ್ತೆಯ ಟ್ರೇಲರಿನ ಚಪ್ಪರದಡಿ ಕೂತು. ಹೊರಗೆ ಜನವರಿಯ ಬಿಸಿಲು ಹೊಡೆಯುತ್ತಿದೆ. ರಾತ್ರಿಯೂಟ ಆಗಲೇ ಮುಗಿದಿದೆ. ವಾರಕ್ಕೊಮ್ಮೆ ಲವಾನ್ ಫೋನು ಮಾಡುತ್ತಾಳೆ. ಎದೆಮಟ್ಟ ಹಿಮ ಬಿದ್ದಿದೆ, ಬೆಟ್ಟದ ಹಿಂಬದಿಯ ಕಣಿವೆಗೂ ಹೋಗಿಬಂದೆ ಎನ್ನುತ್ತಾಳೆ. ನಾನು ಪ್ರತಿಸಲವೂ ಆಸೆಯಿಂದ ವಿಚಾರಿಸುತ್ತೇನೆ. ಹೊತ್ತಿಕೊಳ್ಳಲು ಸತಾಯಿಸುತ್ತಿಲ್ಲವೇ? ಏನಾದರೂ ಸದ್ದು? ಒಂದು ಚೂರು ಹೊಗೆ? ಹೋಗಲಿ, ಒಂದು ಬೋಲ್ಟಾದರೂ ಸಡಿಲವಾಗಿದೆಯೇ?

"ಏನೂ ಇಲ್ಲ," ಎಂದಳು ನಿನ್ನೆ, ಮೂವತ್ತು ವರ್ಷದಲ್ಲಿ ಮೊದಲ ಸಲ ದನಿಯಲ್ಲಿ ಮೆಚ್ಚುಗೆ ತುಂಬಿಕೊಂಡು. "ಗಾಡಿ ಆರಿಸೋದ್ರಲ್ಲಿ ನಿನ್ನ ಬಿಟ್ರಿಲ್ಲ ಬಿಡು."