ನಾಲ್ಕು ತಿಂಗಳು ಉರಿದ ಹಳದಿ ದೀಪದವರಿಗೆ

ಕಾರಿನೊಳಗೆ ವೇಗ ತೋರಿಸುವ ಮುಳ್ಳಿನ ಪಕ್ಕದಲ್ಲಿ ಕಾಯಂ ವಾಸವಾಗಿರುವ, ಎಂಜಿನ್ನಿನ ಚಿತ್ರ ಹೊತ್ತ ಪುಟ್ಟ ಹಳದಿ ದೀಪದವರ ಸನ್ನಿಧಾನಕ್ಕೆ,

ಮಾನ್ಯರೇ,

ಕುಷ್ಟಗಿಯಲ್ಲಿ ಪೇಂಟಿನ ಅಂಗಡಿ ಇಟ್ಟುಕೊಂಡಿರುವ, ತಾವಿರುವ ಕಾರಿಗೆ ತಾನೇ ಯಜಮಾನನೆಂದು ಮೊನ್ನೆಯವರೆಗೆ ನಂಬಿದ್ದ ಗೋವಿಂದರಾಜನು ಮಾಡುವ ನಮಸ್ಕಾರಗಳು. ಕಾರು ರಿಪೇರಿಯಾಗಿ ತಾವು ಸದ್ಯ ಆರಿಹೋಗಿರುವುದರಿಂದ ತಮ್ಮ ಕ್ಷೇಮ ವಿಚಾರಿಸುವುದು ಸರಿಯೋ ತಪ್ಪೋ ತಿಳಿಯದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹೋಳಿ ಹುಣ್ಣಿಮೆಯ ಸುಮಾರಿಗೆ ಹತ್ತಿಕೊಂಡ ತಾವು ನಾಲ್ಕು ತಿಂಗಳು ಒಂದು ದಿನವೂ ರಜೆ ಹಾಕದೆ ಉರಿದಿರಿ. ಇಂಥ ಕರ್ತವ್ಯನಿಷ್ಠೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. "ಆ ದೀಪ ಯಾಕ ಹತ್ತೇತ್ರಿ?" ಎಂದು ನನ್ನ ಹೆಂಡತಿ ದೀಪಿಕಾ ಕೇಳಿದಾಗ, "ಎಲ್ಲಾರ ಗಾಡ್ಯಾಗೂ ಹತ್ತತೈತಿ, ಸುಮ್ಕಿರು" ಎಂದು ತಮ್ಮ ಪರವಾಗಿ ವಾದಿಸಿದವನು ನಾನೇ. ಆಮೇಲೆ ತಮ್ಮ ಹೊಳಪು ಕಣ್ಣಿಗೆ ಚುಚ್ಚತೊಡಗಿದ್ದರಿಂದ, ಅವಳು ಬಚ್ಚಲಮನೆಯ ಕನ್ನಡಿಗೆ ಅಂಟಿಸಿಟ್ಟಿದ್ದ ಹಣೆಯ ಟಿಕಳಿಯೊಂದನ್ನು ಕಿತ್ತು ತಂದು ತಮ್ಮ ಮೇಲೆ ಅಂಟಿಸಿದೆ. ತಾವು ಅದಕ್ಕೂ ಮುನಿಸಿಕೊಳ್ಳದೆ ಟಿಕಳಿಯ ಅಂಚಿನಿಂದ ಸೌಜನ್ಯದಿಂದ ಇಣುಕುತ್ತಲೇ ಇದ್ದಿರಿ. ನನ್ನ ದೂರು ಈ ಸೌಜನ್ಯದ ಬಗ್ಗೆಯೇ ಇದೆ.

ದೀಪಿಕಾಗೆ ಯಲಬುರ್ಗಾದಲ್ಲಿ ಸರ್ಕಾರಿ ನರ್ಸಿನ ಕೆಲಸ ಸಿಕ್ಕಿದ್ದು ತಮಗೆ ಗೊತ್ತೇ ಇದೆ, ಆ ಸುದ್ದಿಯನ್ನು ಅವಳು ನನಗೆ ಹೇಳಿದ್ದು ತಮ್ಮೆದುರಿಗೇ. ಅದಕ್ಕಾಗಿ ಅವಳು ವರ್ಷಗಟ್ಟಲೆ ಒಲೆಯ ಮುಂದೆ ನಿಂತು ಓದಿದ್ದಳು. ಅಮಾವಾಸ್ಯೆ ಕಳೆಯಲೆಂದು ನನ್ನ ತಾಯಿ ಹುಲಗೆಮ್ಮ ತಡೆದಿದ್ದರಿಂದ ಹಾಜರಾಗಲು ಉಳಿದದ್ದು ಕೊನೆಯ ದಿನ. ಸಂಜೆ ಕಚೇರಿಯ ಬಾಗಿಲು ಹಾಕುವುದರೊಳಗೆ ಸಹಿ ಬೀಳದಿದ್ದರೆ ಕೆಲಸ ಇನ್ನೊಬ್ಬರ ಪಾಲು. ಅವಳು ಬಸ್ಸಿಗೆ ಹೋಗೋಣವೆಂದಳು. ಮೊದಲ ದಿನವೇ ನರ್ಸಮ್ಮನವರು ಕಾರಿನಿಂದ ಇಳಿಯುವುದನ್ನು ಯಲಬುರ್ಗಾದ ಜನ ನೋಡಬೇಕೆಂದು ನಾನು ಹಟ ಹಿಡಿದೆ.

ಬೇವೂರು ಇನ್ನೇನು ಬಂತು ಎನ್ನುವಾಗ ಕಾರು ಎರಡು ಸಲ ಕೆಮ್ಮಿ, ಸಜ್ಜೆ ಹೊಲದ ಪಕ್ಕದಲ್ಲಿ ವಿಶ್ರಾಂತಿಗೆ ಕೂತಿತು. ನಾನು ಇಬ್ಬರು ಗೆಳೆಯರಿಗೆ ಫೋನ್ ಮಾಡಿದೆ. ಕುಷ್ಟಗಿಯ ವೆಲ್ಡಿಂಗ್ ಅಂಗಡಿಯ ಯೂಸುಫ ಅರ್ಧ ಬೆಸುಗೆಯಾದ ಗೇಟನ್ನು ಹಾಗೇ ಬಿಟ್ಟು ಬೈಕಿನಲ್ಲಿ ಬಂದ. ಬೇವೂರಿನ ಹೊಳಿಯಪ್ಪ ಊಟದ ಕೈ ತೊಳೆದುಕೊಂಡನೋ ಇಲ್ಲವೋ, ಟ್ರ್ಯಾಕ್ಟರ್ ತಂದ.

ಯೂಸುಫ ಬಾನೆಟ್ ತೆರೆದ, ನೋಡಿದ, ಮುಚ್ಚಿದ. "ಇದು ಇವತ್ತ ಏಳೂದಿಲ್ಲ. ವೈನಿ, ನೀವು ನನ್ನ ಗಾಡಿ ಹತ್ರಿ" ಎಂದು ದೀಪಿಕಾಳಿಗೆ ಹೇಳಿದ. ಮಾನ್ಯರೇ, ಅವನ ಮಾತು ಸರಿಯಾಗಿತ್ತು, ಅದೇ ಅದರ ದೋಷ. ಕಾರಿನಲ್ಲೇ ಇಳಿಯಬೇಕೆಂಬ ಸಂಕಲ್ಪವನ್ನು ಬಿಡಲಾರದೆ, ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ, ಒಳಗೆ ದೀಪಿಕಾಳನ್ನು ಕೂರಿಸಿಕೊಂಡೇ ಯಲಬುರ್ಗಾಕ್ಕೆ ಎಳೆಯಬೇಕೆಂದು ನಾನು ಹೊಳಿಯಪ್ಪನನ್ನು ಬೇಡಿಕೊಂಡೆ. "ಎಳ್ಯಾಕ ಏನೂ ಹರಕತ್ತಿಲ್ಲಪಾ, ಆದ್ರ ವೈನಿ ಯಾಕ ಅದರಾಗ?" ಎಂದು ಅವನು ಕೇಳಿದ. ಉತ್ತರದ ಬದಲು ನಾನು ಹಗ್ಗ ತೆಗೆದುಕೊಟ್ಟೆ. ಕಟ್ಟಿದೆವು.

ಹೀಗೆ ರೇಷ್ಮೆ ಸೀರೆಯುಟ್ಟ ದೀಪಿಕಾ, ಸ್ಟೇರಿಂಗ್ ಹಿಡಿದ ನಾನು ಮತ್ತು ಟಿಕಳಿಯಿಟ್ಟ ತಾವು, ಮೂವರೂ ಮೆರವಣಿಗೆ ಹೊರಟೆವು. ಸೈಕಲ್ ತುಳಿಯುತ್ತಿದ್ದ ಮುದುಕರೊಬ್ಬರು ನಮ್ಮನ್ನು ದಾಟಿ ಹೋಗುವಾಗ ಮರುಕದಿಂದ ತಿರುಗಿ ನೋಡಿದರು. ಮೊದಲ ಏರಿನಲ್ಲೇ ಹಗ್ಗ ಹರಿಯಿತು. ನಾನು ಗಂಟು ಹಾಕಲು ಇಳಿದರೆ ದೀಪಿಕಾಳೂ ಇಳಿದಳು. "ನೌಕರಿ ನಂದೈತಿ, ಕಾರ ನಿಮ್ದೈತಿ. ನಿಮ್ದು ನೀವ ತಗೊಂಡ ಬರ್ರಿ" ಎಂದು, ಸೆರಗು ಸಿಕ್ಕಿಸಿ, ಸರ್ಟಿಫಿಕೇಟಿನ ಚೀಲವನ್ನು ಎದೆಗೊತ್ತಿ ಹಿಡಿದು, ಜೊತೆಗೇ ಬರುತ್ತಿದ್ದ ಯೂಸುಫನ ಬೈಕಿನ ಹಿಂದೆ ಕೂತು ಹೊರಟೇಹೋದಳು. ಅವಳು ಅಷ್ಟು ಗಟ್ಟಿಯಾಗಿ ಮಾತನಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ನಾನು ಎಳೆಸಿಕೊಂಡು ಯಲಬುರ್ಗಾ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಕಚೇರಿಗೆ ಬೀಗ ಬಿದ್ದಿತ್ತು. ದೀಪಿಕಾ ಮೆಟ್ಟಿಲ ಮೇಲೆ ಕೂತಿದ್ದಳು, ಯೂಸುಫ ಅವಳಿಗೆ ಚಹಾ ತಂದುಕೊಟ್ಟಿದ್ದ. "ಸಹಿ ಆತ್ರಿ" ಎಂದಳು. ಗುಮಾಸ್ತರು ಬೀರುವಿಗೆ ಕೀಲಿ ಹಾಕಿದ್ದರಂತೆ, ಅವಳು ಓಡಿ ಬಂದದ್ದನ್ನು ನೋಡಿ ಮತ್ತೆ ತೆಗೆದರಂತೆ. ನನಗೆ ಅಳು ಬಂತು, ಅತ್ತುಬಿಟ್ಟೆ. ಹೊಳಿಯಪ್ಪ ಆ ಕಡೆ ತಿರುಗಿ, ಸರಿಯಾಗಿಯೇ ಇದ್ದ ಟ್ರ್ಯಾಕ್ಟರಿನ ಗಾಲಿಯನ್ನು ಬಹಳ ಹೊತ್ತು ಪರೀಕ್ಷಿಸಿದ.

ಆದ್ದರಿಂದ ತಮ್ಮಲ್ಲಿ ಸವಿನಯ ಬೇಡಿಕೆಗಳಿವೆ. ಮುಂದೆ ಎಂಜಿನ್ನಿಗೆ ಕಾಯಿಲೆ ಬಂದಾಗ ಹೀಗೆ ಮೆತ್ತಗೆ ಬೆಳಗದೆ, ನಮ್ಮ ಕಡೆಯ ಮಾತಿನಲ್ಲಿ, ಓಣಿಗೆಲ್ಲ ಕೇಳುವಂತೆ ನನ್ನನ್ನು ಬೈಯಬೇಕು. ನಾನು ಕಾರಿನ ಬಾಗಿಲು ತೆಗೆಯುವಾಗ ಕೈ ಹಿಡಿದು ಬಸ್ ನಿಲ್ದಾಣದವರೆಗೆ ಬಿಟ್ಟು ಬರಬೇಕು. ಇವೆರಡೂ ಆಗದಿದ್ದರೆ ನನ್ನೆದುರು ಉರಿಯುವ ಶ್ರಮವನ್ನೇ ಬಿಟ್ಟು, ಯೂಸುಫನ ಅಂಗಡಿಯಲ್ಲಿ ಹತ್ತಿಕೊಳ್ಳಬೇಕು. ಅವನು ನೋಡಿದ ಮೇಲೆ ಸುಮ್ಮನಿರುವುದಿಲ್ಲ.

ಇಷ್ಟಾದರೂ
ತಮ್ಮ ವಿಶ್ವಾಸಿ,
ಗೋವಿಂದರಾಜ

ತಾ.ಕ.: ತಮ್ಮ ಪಕ್ಕದ ಮನೆಯಲ್ಲಿ ನಿನ್ನೆಯಿಂದ ಕೆಂಪು ದೀಪವೊಂದು ಹತ್ತಿದೆ. ಅವರಿಗೆ ಪತ್ರ ಬರೆಯುವ ಪ್ರಸಂಗ ಬರಲಾರದು. ಯೂಸುಫನಿಗೆ ಫೋನ್ ಮಾಡಿದೆ. "ಗಾಡಿ ಮುಟ್ಟಬ್ಯಾಡ, ಬಂದೆ" ಎಂದ. ತಾವು ನಾಲ್ಕು ತಿಂಗಳಲ್ಲಿ ಹೇಳಲಾರದೆ ಹೋದದ್ದು ಇಷ್ಟೇ ಇತ್ತು.